ದಿನಕ್ಕೆ 25 ಅಂತ ಲೆಕ್ಕ ಹಾಕಿದ್ದೇನೆ, ಸಾಕಾಗುತ್ತಾ?

ಹೊಸಜೋಳಿಗೆ

ಬೆನ್ನಿಗೊಂದು ಚೀಲ ಹಾಕಿಕೊಂಡು ಮೂರು ದೇಶ ಸುತ್ತಿ ಬರುವ ಯೋಚನೆ ಇದೆ. ಒಟ್ಟು 40 ದಿನ, 12 ಊರು. ಒಬ್ಬಳೇ ಹೋಗುತ್ತಿದ್ದೇನೆ. ಹೋಗಿ ಬರುವ ವಿಮಾನದ ಟಿಕೆಟ್ ಆಗಲೇ ತೆಗೆದಾಗಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ದುಡ್ಡನ್ನು ಯಾವ ಕರೆನ್ಸಿಯಲ್ಲಿ ಹೇಳಿದರೂ ಅರ್ಧ ಜನ ಗುಣಾಕಾರಕ್ಕೆ ಕೂರಬೇಕು. ಅದಕ್ಕೇ ನನ್ನ ಹತ್ತಿರ ಒಟ್ಟು 1000 ಇದೆ ಅಂತ ಇಟ್ಟುಕೊಳ್ಳೋಣ. 40ರಿಂದ ಭಾಗಿಸಿದರೆ ದಿನಕ್ಕೆ 25. ಅಲ್ಲಿಗೆ ಹೋಗಿ ಬಂದವರು ಬರೆದದ್ದನ್ನೆಲ್ಲ ಓದಿದೆ. ಒಬ್ಬರು 15ರಲ್ಲಿ ಆರಾಮಾಗಿದ್ದೆ ಅನ್ನುತ್ತಾರೆ. ಇನ್ನೊಬ್ಬರು 40 ಇಲ್ಲದಿದ್ದರೆ ಹೊರಡಲೇಬೇಡಿ ಅನ್ನುತ್ತಾರೆ. ಹೆಚ್ಚಿನವರು 20ರ ಸುಮಾರಿಗೆ ಬಂದು ನಿಲ್ಲುತ್ತಾರೆ. ಹಾಗಾದರೆ ನನಗೆ ದಿನಕ್ಕೆ 5 ಉಳಿಯಬೇಕು, ಅಲ್ವಾ? ಆದರೂ ಯಾಕೋ ನಂಬಿಕೆ ಬರುತ್ತಿಲ್ಲ.

ಈ 25 ನಿಜವಾಗಿ ಸಾಕಾ? ಸಾಲದಿದ್ದರೆ ಮೊದಲು ಯಾವುದಕ್ಕೆ ಕತ್ತರಿ ಹಾಕಬೇಕು? ಡಾರ್ಮಿಟರಿಯಲ್ಲಿ ಮಲಗಲು ನನಗೇನೂ ತೊಂದರೆ ಇಲ್ಲ. ದಿನಾ ಹೋಟೆಲ್ ಊಟ ಬೇಕು ಅಂತಲೂ ಇಲ್ಲ.

ಅಲೆಮಾರಿಗಣಿತ

ನಂಬಿಕೆ ಬರದಿರುವುದು ಒಳ್ಳೆಯದೇ. 15 ಅಂದವರೂ ಸುಳ್ಳು ಹೇಳುತ್ತಿಲ್ಲ, 40 ಅಂದವರೂ ಹೇಳುತ್ತಿಲ್ಲ. ಒಬ್ಬರು ಒಂದೇ ಊರಲ್ಲಿ ಮೂರು ವಾರ ಬಿದ್ದುಕೊಂಡಿರುತ್ತಾರೆ. ಇನ್ನೊಬ್ಬರು ಎರಡು ದಿನಕ್ಕೊಂದು ಊರು ಬದಲಿಸಿರುತ್ತಾರೆ. ಒಬ್ಬರು ವೀಸಾ, ವಿಮೆ ಎಲ್ಲ ಸೇರಿಸಿ ಹೇಳುತ್ತಾರೆ, ಇನ್ನೊಬ್ಬರದು ಬರೀ ಹಾಸಿಗೆ ಮತ್ತು ಊಟದ ಲೆಕ್ಕ. ಜೊತೆಯಲ್ಲಿ ಇನ್ನೊಬ್ಬರಿದ್ದು ರೂಮಿನ ಬಾಡಿಗೆ ಅರ್ಧರ್ಧ ಆಗಿತ್ತು ಅನ್ನುವುದನ್ನಂತೂ ಯಾರೂ ಬರೆಯುವುದೇ ಇಲ್ಲ.

ನಾನು ದಿನಗಳಿಂದ ಭಾಗಿಸುವುದು ಕಟ್ಟಕಡೆಗೆ. ಮೊದಲು ಕಳೆಯುತ್ತಾ ಹೋಗುತ್ತೇನೆ. ನಿಮ್ಮ 1000ವನ್ನೇ ಹಿಡಿಯೋಣ. ಕೆಳಗೆ ನಾನು ಹಾಕಿರುವ ಅಂಕಿಗಳು ಅಂದಾಜು. ಅವುಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ಮೊದಲು ಒಂದೇ ಸಲದ ಖರ್ಚು. ಮೂರು ದೇಶ ಅಂದರೆ ಮೂರು ವೀಸಾ ಇರಬಹುದು. ವಿಮೆ ಬೇಕು. ಕೆಲವು ಕಡೆ ಅದು ನಮ್ಮ ಇಷ್ಟಕ್ಕೆ ಬಿಟ್ಟದ್ದೂ ಅಲ್ಲ. ಉದಾಹರಣೆಗೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಿಗುವ ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಖರ್ಚು ಭರಿಸುವ ವೈದ್ಯಕೀಯ ವಿಮೆ ತೋರಿಸಲೇಬೇಕು. ಲಸಿಕೆ ಕೂಡ ಇದೇ ಪಟ್ಟಿಗೆ ಸೇರುತ್ತದೆ. ಹಳದಿ ಜ್ವರದ ಸರ್ಟಿಫಿಕೇಟ್ ಕೇಳುವ ದೇಶಕ್ಕೆ ಹೋಗುವುದಾದರೆ ಚುಚ್ಚಿಸಿಕೊಂಡು 10 ದಿನ ಆದಮೇಲೆಯೇ ಅದು ಊರ್ಜಿತ. ಕಡೇ ಗಳಿಗೆಯಲ್ಲಿ ಓಡಾಡಿದರೆ ಪ್ರಯೋಜನ ಇಲ್ಲ. ಆದರೆ 2016ರಿಂದ ಆ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ, ಮೊದಲಿನ ಹಾಗೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಿಲ್ಲ. ಇವಕ್ಕೆ ಬೀಗ, ಸಿಮ್, ಔಷಧಿ ಸೇರಿಸಿ 140 ಅನ್ನೋಣ. ಉಳಿದದ್ದು 860.

ಆಮೇಲೆ ಮುಟ್ಟಬಾರದ ದುಡ್ಡು. ಏನಾದರೂ ಆಗಿ ಮನೆಗೆ ವಾಪಸ್ ಬರಬೇಕಾದರೆ ಒಂದು ಟಿಕೆಟ್, ಜೊತೆಗೆ ಎರಡು ರಾತ್ರಿ ಬಾಗಿಲು ಹಾಕಿಕೊಂಡು ಮಲಗಲು ಒಂದು ರೂಮು. 100 ತೆಗೆದಿಡಿ. ಇದನ್ನು ದಿನದ ಲೆಕ್ಕಕ್ಕೆ ತರಲೇಬೇಡಿ. ಉಳಿದದ್ದು 760.

ಮೂರನೆಯದರಲ್ಲೇ ಎಲ್ಲರೂ ಜಾರುವುದು. ಊರಿಂದ ಊರಿಗೆ ಹೋಗುವ ದಿನ. 12 ಊರು ಅಂದರೆ ನಡುವೆ 11 ಪ್ರಯಾಣ. ವಿಮಾನ ನಿಲ್ದಾಣದಿಂದ ಮೊದಲ ಊರಿಗೆ, ಕೊನೆಯ ಊರಿಂದ ವಿಮಾನ ನಿಲ್ದಾಣಕ್ಕೆ, ಅವೆರಡು ಸೇರಿ 13. ನಾವು ಬಜೆಟ್‌ನಲ್ಲಿ ಬರೆಯುವುದು ಬಸ್ಸಿನ ಟಿಕೆಟ್ ಮಾತ್ರ. ಆ ದಿನ ನಡೆಯುವುದೇ ಬೇರೆ. ಬೆಳಿಗ್ಗೆ ಹತ್ತಕ್ಕೆ ರೂಮು ಬಿಡಬೇಕು, ಬಸ್ಸು ಇರುವುದು ಎರಡಕ್ಕೆ, ಚೀಲ ಇಡಲು ಲಾಕರ್‌ಗೆ ದುಡ್ಡು. ಚೀಲದ ಭಾರಕ್ಕೆ ನಡೆಯಲಾಗದೆ ಸ್ಟ್ಯಾಂಡಿಗೆ ಗಾಡಿ. ಅಲ್ಲಿ ನೀರಿನ ಬಾಟಲಿಗೂ ತಿಂಡಿಗೂ ಹೊರಗಡೆಗಿಂತ ಜಾಸ್ತಿ. ಬಸ್ಸು ಕತ್ತಲಾದಮೇಲೆ ತಲುಪಿದರೆ ಬಾಗಿಲಲ್ಲಿ ನಿಂತ ಮೊದಲ ಟ್ಯಾಕ್ಸಿಯವನು ಹೇಳಿದ್ದೇ ರೇಟು. ಹೊಸ ಊರಲ್ಲಿ ಅಡುಗೆಮನೆ ಎಲ್ಲಿ, ಅಂಗಡಿ ಎಲ್ಲಿ ಗೊತ್ತಿಲ್ಲ, ಹಾಗಾಗಿ ರಾತ್ರಿ ಊಟ ಎದುರಿಗೆ ಕಂಡ ಹೋಟೆಲಿನಲ್ಲಿ. ನಾನು ಖರ್ಚು ಬರೆದಿಡುವವನು. ನನ್ನ ಪುಸ್ತಕದಲ್ಲಿ ಇಂಥ ದಿನಗಳ ಪುಟ ಯಾವಾಗಲೂ ತುಂಬಿರುತ್ತದೆ. ಟಿಕೆಟ್ಟಿನ ದುಡ್ಡಿಗೂ ಆ ದಿನದ ಹೆಚ್ಚುವರಿ ಖರ್ಚಿಗೂ ಸಂಬಂಧವೇ ಇರುವುದಿಲ್ಲ. ಟಿಕೆಟ್ ಸೇರಿ ಒಂದು ಪ್ರಯಾಣಕ್ಕೆ 14 ಅನ್ನೋಣ. 13 ಪ್ರಯಾಣಕ್ಕೆ 182. ಉಳಿದದ್ದು 578.

ನಾಲ್ಕನೆಯದು, ನೀವು ಇದಕ್ಕಾಗಿಯೇ ಹೋಗುತ್ತಿದ್ದೇನೆ ಅನ್ನುವ ಒಂದೋ ಎರಡೋ ವಿಷಯ. ಎರಡು ದಿನದ ಚಾರಣವೋ, ಸಮುದ್ರದಲ್ಲಿ ಡೈವಿಂಗೋ, ನಿಮಗೇ ಗೊತ್ತು. ಅದಕ್ಕೆ 60. ಅಲ್ಲಿಯವರೆಗೆ ಹೋಗಿ ದುಡ್ಡಿಲ್ಲ ಅಂತ ಹೊರಗೆ ನಿಲ್ಲುವುದು ಉಳಿತಾಯ ಅಲ್ಲ. ಉಳಿದದ್ದು 518.

ಈಗ 40ರಿಂದ ಭಾಗಿಸಿ. 13ಕ್ಕೂ ಸ್ವಲ್ಪ ಕಡಿಮೆ. ಹಾಸಿಗೆ, ಊಟ, ಊರೊಳಗಿನ ಓಡಾಟ, ಬಟ್ಟೆ ಒಗೆಸುವುದು, ಸೋಪು ಎಲ್ಲಕ್ಕೂ ಸೇರಿ ನಿಮ್ಮ ಕೈಯಲ್ಲಿ ದಿನಕ್ಕೆ ಇರುವುದು ಇಷ್ಟೇ. 25 ಅಲ್ಲ.

ಯಾವುದಕ್ಕೆ ಕತ್ತರಿ ಅಂತ ಕೇಳಿದಿರಿ. ಊಟಕ್ಕಂತೂ ಬೇಡ. ಊರುಗಳ ಸಂಖ್ಯೆಗೆ ಹಾಕಿ. 12ರ ಬದಲು 7 ಊರು ಆದರೆ ಪ್ರಯಾಣ 8, ಅದಕ್ಕೆ 112. ಆಗ ದಿನದ ಪಾಲಿಗೆ 588 ಸಿಗುತ್ತದೆ, ಅಂದರೆ 14.7. ಒಂದೇ ಕಡೆ ವಾರ ಇದ್ದರೆ ಬಾಡಿಗೆಯಲ್ಲೂ ರಿಯಾಯಿತಿ ಕೇಳಬಹುದು. ಮೂರನೇ ದಿನಕ್ಕೆ ಯಾವ ಅಂಗಡಿ ಅಗ್ಗ ಅಂತ ಕಾಲಿಗೇ ಗೊತ್ತಾಗಿರುತ್ತದೆ.

ನಿದ್ದೆಪ್ರಿಯ

ಅಣ್ಣಾ, ರಾತ್ರಿ ಬಸ್ಸು ಹಿಡಿದರೆ ಆಯ್ತಲ್ಲ? ಪ್ರಯಾಣವೂ ಆಯಿತು, ಆ ರಾತ್ರಿಯ ಹಾಸಿಗೆ ದುಡ್ಡೂ ಉಳಿಯಿತು. ನಿಮ್ಮ 14ರಲ್ಲಿ ಅರ್ಧ ಅಲ್ಲೇ ವಾಪಸ್ ಬರುತ್ತದೆ.

ಅಲೆಮಾರಿಗಣಿತ

ಕಾಗದದ ಮೇಲೆ ಬರುತ್ತದೆ. ಬಸ್ಸು ಬೆಳಗಿನ ಜಾವ ಐದಕ್ಕೆ ಇಳಿಸುತ್ತದೆ. ಡಾರ್ಮಿಟರಿಯ ಹಾಸಿಗೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಆ ಒಂಬತ್ತು ಗಂಟೆ ಏನು ಮಾಡುತ್ತೀರಿ? ಚೀಲ ಲಾಬಿಯಲ್ಲಿ ಇಡಲು ಬಿಟ್ಟರೆ ನಿಮ್ಮ ಪುಣ್ಯ. ಬಿಟ್ಟರೂ ರಿಸೆಪ್ಷನ್ ತೆರೆಯುವುದು ಎಂಟಕ್ಕೆ. ಅಲ್ಲಿಯವರೆಗೆ ಬಾಗಿಲು ತೆರೆದಿರುವ ಒಂದೇ ಒಂದು ಕಾಫಿ ಅಂಗಡಿಯಲ್ಲಿ ಕೂರಬೇಕು, ಕೂರಬೇಕಾದರೆ ಏನಾದರೂ ತೆಗೆದುಕೊಳ್ಳಬೇಕು, ಒಂದು ಗಂಟೆಯ ಮೇಲೆ ಇನ್ನೊಂದು. ಕಣ್ಣು ಎಳೆಯುತ್ತಿರುತ್ತದೆ. ಹನ್ನೊಂದಕ್ಕೆ ರಿಸೆಪ್ಷನ್‌ನವರು "ಸ್ವಲ್ಪ ಜಾಸ್ತಿ ಕೊಟ್ಟರೆ ಈಗಲೇ ಹಾಸಿಗೆ ಕೊಡ್ತೀವಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಕೊಟ್ಟು ಮಲಗಿದರೆ ಎಚ್ಚರ ಆಗುವುದು ಸಂಜೆಗೆ. ಊರು ನೋಡಲು ಒಂದು ದಿನ ಹೆಚ್ಚಿಗೆ ಉಳಿಯಬೇಕಾಗುತ್ತದೆ.

ಮಲಗಿಕೊಂಡೇ ಹೋಗಬಹುದಾದ ರೈಲು ಇದ್ದು, ಬೆಳಿಗ್ಗೆ ಎಂಟರ ಮೇಲೆ ತಲುಪುವುದಾದರೆ ಒಪ್ಪುತ್ತೇನೆ. ಅಲ್ಲದಿದ್ದರೆ ರಾತ್ರಿ ಬಸ್ಸನ್ನು ಉಳಿತಾಯದ ಪಟ್ಟಿಗೆ ಹಾಕಬೇಡಿ. ಅದರಲ್ಲೂ ಒಬ್ಬರೇ ಹೋಗುವವರು ಕತ್ತಲಲ್ಲಿ ಗೊತ್ತಿಲ್ಲದ ಊರಲ್ಲಿ ಇಳಿಯುವುದು ದುಡ್ಡಿನ ಪ್ರಶ್ನೆ ಮಾತ್ರ ಅಲ್ಲ.

ಚಿಲ್ಲರೆಪೆಟ್ಟಿಗೆ

ಮೇಲಿನ ಲೆಕ್ಕದಲ್ಲಿ ಒಂದು ಸೋರಿಕೆ ಬಿಟ್ಟುಹೋಗಿದೆ. ದುಡ್ಡು ತೆಗೆಯುವುದಕ್ಕೇ ಆಗುವ ಖರ್ಚು. ನನ್ನದು ಕಾರ್ಡ್ ವ್ಯವಹಾರದ ಕೆಲಸ, ಹಾಗಾಗಿ ಕಣ್ಣು ಅಲ್ಲೇ ಹೋಗುತ್ತದೆ.

ಹೊರದೇಶದ ಎಷ್ಟೋ ಎಟಿಎಂಗಳು ಪ್ರತಿ ಸಲಕ್ಕೂ ಇಷ್ಟು ಅಂತ ಒಂದೇ ಶುಲ್ಕ ಹಿಡಿಯುತ್ತವೆ, ನೀವು ಎಷ್ಟೇ ತೆಗೆಯಿರಿ. ಶುಲ್ಕ 4 ಇದ್ದು ನೀವು 40 ತೆಗೆದರೆ ಶೇಕಡ 10 ಹೋಯಿತು. ಅದೇ 200 ತೆಗೆದರೆ ಶೇಕಡ 2. ನಿಮ್ಮ ಬ್ಯಾಂಕಿನದು ಇದರ ಮೇಲೆ ಬೇರೆ. ಕಳೆದುಕೊಳ್ಳುವ ಭಯಕ್ಕೆ ಜನ ಸ್ವಲ್ಪ ಸ್ವಲ್ಪವೇ ತೆಗೆಯುತ್ತಾರೆ. ಜಾಸ್ತಿ ತೆಗೆದು ಎರಡು ಕಡೆ ಇಡುವುದು ಮೇಲು.

ಇನ್ನೊಂದು, ಎಟಿಎಂ ಪರದೆ ಮೇಲೆ ಕಡೆಯಲ್ಲಿ ಬರುವ ಪ್ರಶ್ನೆ. "ನಿಮ್ಮ ಸ್ವಂತ ಕರೆನ್ಸಿಯಲ್ಲಿ ಕಡಿತ ಮಾಡಲೇ?" ಅಂತ ನಯವಾಗಿ ಕೇಳುತ್ತದೆ. ಒಪ್ಪುವ ಬಟನ್ ದೊಡ್ಡದಾಗಿ ಹಸಿರು ಬಣ್ಣದಲ್ಲಿ ಇರುತ್ತದೆ. ಬೇಡ ಅನ್ನುವುದು ಮೂಲೆಯಲ್ಲಿ, ಒತ್ತಿದರೆ ವ್ಯವಹಾರವೇ ರದ್ದಾಗುತ್ತದೇನೋ ಅನ್ನುವ ಹಾಗೆ. ರದ್ದಾಗುವುದಿಲ್ಲ. ಧೈರ್ಯವಾಗಿ ಬೇಡ ಅನ್ನಿ, ಆ ದೇಶದ ಕರೆನ್ಸಿಯಲ್ಲೇ ಕಡಿತ ಆಗಲಿ. ಹಾಗೆ ನಿಮ್ಮ ಕರೆನ್ಸಿಗೆ ಬದಲಿಸಿ ಕಡಿತ ಮಾಡುವುದನ್ನು ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅನ್ನುತ್ತಾರೆ. ಒಪ್ಪಿದರೆ ವಿನಿಮಯ ದರ ನಿರ್ಧರಿಸುವುದು ನಿಮ್ಮ ಬ್ಯಾಂಕ್ ಅಲ್ಲ, ಆ ಯಂತ್ರದವರು. ಅಂಗಡಿಯ ಸ್ವೈಪ್ ಯಂತ್ರವೂ ಇದನ್ನೇ ಕೇಳುತ್ತದೆ. ಎಷ್ಟೋ ಸಲ ಅಂಗಡಿಯವರೇ ನಮಗೆ ಕೇಳದೆ ಒತ್ತಿಬಿಡುತ್ತಾರೆ, ಅದಕ್ಕೆ ಯಂತ್ರ ನಿಮ್ಮ ಕಡೆ ತಿರುಗಿಸಿಕೊಳ್ಳಿ.

ಮೂರು ದೇಶ ಅಂದಿರಿ. ಪ್ರತಿ ಗಡಿಯಲ್ಲೂ ಹಿಂದಿನ ದೇಶದ ನೋಟು ಸ್ವಲ್ಪ ಉಳಿದೇ ಉಳಿಯುತ್ತದೆ. ನೋಟು ಬದಲಾಯಿಸಬಹುದು, ನಾಣ್ಯವನ್ನು ಸಾಮಾನ್ಯವಾಗಿ ಯಾರೂ ಮುಟ್ಟುವುದಿಲ್ಲ. ಕಡೇ ಎರಡು ದಿನ ಚಿಲ್ಲರೆಯಲ್ಲೇ ಖರ್ಚು ಮಾಡಿ. ಎಲ್ಲ ಸೇರಿ ಒಟ್ಟು ದುಡ್ಡಿನ ಶೇಕಡ 3 ಇದಕ್ಕೇ ಅಂತ ಎತ್ತಿಟ್ಟರೆ ತಪ್ಪಾಗುವುದಿಲ್ಲ.

ಕಾಲುದಾರಿ

ಇಷ್ಟೆಲ್ಲ ಲೆಕ್ಕ ಬರೆದುಕೊಂಡು ತಿರುಗಾಡುವುದಾದರೆ ಆಫೀಸಿಗೇ ಹೋಗಬಹುದಲ್ಲ! ನಾನು ಒಂದು ಪೈಸೆಯನ್ನೂ ಬರೆಯುವುದಿಲ್ಲ. ಸೋಮವಾರ ಬೆಳಿಗ್ಗೆ ಒಂದು ವಾರದ ದುಡ್ಡು ನಗದಾಗಿ ಪರ್ಸಿಗೆ ಹಾಕುತ್ತೇನೆ. ಗುರುವಾರ ಪರ್ಸು ತೆಳ್ಳಗಾಗಿದ್ದರೆ ಹಾಸ್ಟೆಲಿನ ಅಡುಗೆಮನೆ, ಉಚಿತ ವಸ್ತುಸಂಗ್ರಹಾಲಯ, ನಡಿಗೆ. ಭಾನುವಾರ ಉಳಿದಿದ್ದರೆ ಮಜಾ. ದಿನದ ಬಜೆಟ್ ಅನ್ನುವುದು ಮನುಷ್ಯರಿಗೆ ಆಗಿಬರುವ ಸಂಗತಿಯೇ ಅಲ್ಲ. ಒಂದು ದಿನ ಮಳೆ ಅಂತ ರೂಮಲ್ಲೇ ಇರುತ್ತೀವಿ, ಇನ್ನೊಂದು ದಿನ ದೋಣಿ, ಟಿಕೆಟ್, ಗೈಡ್ ಅಂತ ಮೂರು ಪಟ್ಟು ಹೋಗುತ್ತದೆ.

ಅಲೆಮಾರಿಗಣಿತ

@ಕಾಲುದಾರಿ, ವಾರದ ಪರ್ಸು ಒಳ್ಳೆಯ ಉಪಾಯ, ಅದರಲ್ಲಿ ತಕರಾರಿಲ್ಲ. ಆದರೆ ಪರ್ಸಿಗೆ ಎಷ್ಟು ಹಾಕಬೇಕು ಅಂತ ಗೊತ್ತಾಗಲು ಒಂದು ಸಲ ಈ ಕಳೆಯುವ ಲೆಕ್ಕ ಬೇಕೇ ಬೇಕು. ಹೊರಡುವ ಮೊದಲು ಮನೆಯಲ್ಲಿ ಕೂತು ಮಾಡುವಂಥದ್ದು. ದಾರಿಯಲ್ಲಿ ಬರೆಯುವುದು ಬಿಡುವುದು ಅವರವರ ಇಷ್ಟ. ನನಗೆ ಬರೆಯದಿದ್ದರೆ ನಿದ್ದೆ ಬರುವುದಿಲ್ಲ, ಅದು ನನ್ನ ಕಾಯಿಲೆ.

@ಚಿಲ್ಲರೆಪೆಟ್ಟಿಗೆ ಹೇಳಿದ ಶೇಕಡ 3 ಅಂದರೆ 30. ಅದನ್ನೂ ಒಂದೇ ಸಲದ ಖರ್ಚಿಗೆ ಸೇರಿಸಬೇಕು. 588 ಈಗ 558 ಆಯಿತು.

ಹೊಸಜೋಳಿಗೆ

ಎಲ್ಲರಿಗೂ ಥ್ಯಾಂಕ್ಸ್. 25 ಇದ್ದದ್ದು 13 ಆದಾಗ ಸುಮ್ನೆ ಸ್ವಲ್ಪ ಹೊತ್ತು ಕೂತೆ. ಆಮೇಲೆ ಊರುಗಳ ಪಟ್ಟಿ ತೆಗೆದು ನೋಡಿದರೆ ಐದನ್ನು ಬಿಡಲು ಅಷ್ಟೇನೂ ಕಷ್ಟ ಆಗಲಿಲ್ಲ. ಎರಡನ್ನು ಯಾಕೆ ಹಾಕಿದ್ದೆ ಅಂತಲೇ ನೆನಪಿಲ್ಲ. ದಿನ ಕಡಿಮೆ ಮಾಡೋಣ ಅಂದರೆ ಟಿಕೆಟ್ ತಾರೀಖು ಬದಲಿಸಲು ಕೇಳುವ ದುಡ್ಡಿನಲ್ಲಿ ಒಂದು ವಾರ ಕಳೆಯಬಹುದು. ಹಾಗಾಗಿ 40 ದಿನ 40 ದಿನವೇ.

ನನ್ನ ಮೂರು ದೇಶಗಳಲ್ಲಿ ಒಂದು ದುಬಾರಿ, ಎರಡು ಅಗ್ಗ. ದುಬಾರಿಯದರಲ್ಲಿ ದಿನಕ್ಕೆ 19, ಅಗ್ಗದವುಗಳಲ್ಲಿ 11 ಆಗಬಹುದು ಅಂತ ಅಂದಾಜು. ಮೊದಲು 20 ದಿನ, 20 ದಿನ ಅಂತ ಇಟ್ಟುಕೊಂಡಿದ್ದೆ. ಎರಡು ಅನುಮಾನ ಉಳಿದಿದೆ. ಹಾಸಿಗೆಯ ಬೆಲೆಯನ್ನು ಸರಿಯಾಗಿ ತಿಳಿಯುವುದು ಹೇಗೆ? ಒಂದೊಂದು ಕಡೆ ಒಂದೊಂದು ತೋರಿಸುತ್ತದೆ. ಮತ್ತೆ ರೈಲ್ ಪಾಸ್ ತೆಗೆದರೆ ಪ್ರಯಾಣದ ಖರ್ಚು ಕಡಿಮೆ ಆಗುತ್ತದಾ?

ಅಲೆಮಾರಿಗಣಿತ

ಮೊದಲು ನಿಮ್ಮ ದಿನಗಳು. 20 ದಿನ 19ರಂತೆ 380, ಇನ್ನು 20 ದಿನ 11ರಂತೆ 220. ಒಟ್ಟು 600. ಇರುವುದು 558. 42 ಕಡಿಮೆ ಬೀಳುತ್ತದೆ. ದುಬಾರಿ ದೇಶದಲ್ಲಿ 14 ದಿನ, ಅಗ್ಗದವುಗಳಲ್ಲಿ 26 ದಿನ ಅಂತ ಮಾಡಿ ನೋಡಿ. 266 ಮತ್ತು 286, ಒಟ್ಟು 552. ಸರಿಹೋಯಿತು, 6 ಉಳಿಯಿತು ಕೂಡ. ಊಟ ಬಿಟ್ಟಿಲ್ಲ, ಹಾಸಿಗೆ ಕೆಡಿಸಿಕೊಂಡಿಲ್ಲ, ಆರು ದಿನ ಆ ಕಡೆಯಿಂದ ಈ ಕಡೆಗೆ ಬಂದವು ಅಷ್ಟೆ. ಆದರೆ ಹೆಚ್ಚಿಗೆ ಇರುವ ದೇಶದ ವೀಸಾ ಅಷ್ಟು ದಿನಕ್ಕೆ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಅವಧಿ ಮೀರಿದರೆ ಕೆಲವು ಕಡೆ ದಿನಕ್ಕಿಷ್ಟು ಅಂತ ದಂಡ ಹಾಕುತ್ತಾರೆ, ಕೆಲವು ಕಡೆ ಮತ್ತೆ ಒಳಗೇ ಬಿಡುವುದಿಲ್ಲ. ವಾಪಸ್ ಟಿಕೆಟ್ ಅಥವಾ ಮುಂದಿನ ದೇಶದ ಟಿಕೆಟ್‌ನ ಪ್ರಿಂಟ್ ಕೂಡ ಕೈಯಲ್ಲಿರಲಿ. ವಿಮಾನ ಕಂಪನಿಗಳು ಟಿಮ್ಯಾಟಿಕ್ ಅನ್ನುವ ಮಾಹಿತಿಕೋಶ ನೋಡಿ ನಿಮ್ಮ ದಾಖಲೆ ಸರಿ ಇದೆಯಾ ಅಂತ ಕೌಂಟರಿನಲ್ಲೇ ಪರಿಶೀಲಿಸುತ್ತವೆ. ತೋರಿಸಲು ಇಲ್ಲದೆ ಕೌಂಟರ್ ಮುಂದೆಯೇ ನಿಂತು ಫೋನಿನಲ್ಲಿ ದುಬಾರಿ ಟಿಕೆಟ್ ಕೊಂಡವರನ್ನು ನೋಡಿದ್ದೇನೆ.

ಹಾಸಿಗೆ ಬೆಲೆಗೆ ಒಂದು ಸುಲಭದ ದಾರಿ. ನೀವು ಹೋಗುವ ತಾರೀಖನ್ನೇ ಹಾಕಿ ಹುಡುಕಿ. ಯಾವುದೋ ಖಾಲಿ ತಿಂಗಳ ಬೆಲೆ ನೋಡಿ ಪ್ರಯೋಜನವಿಲ್ಲ. ಅಗ್ಗದ್ದು ಮೇಲೆ ಬರುವ ಹಾಗೆ ಜೋಡಿಸಿ. ಮೊದಲ ಮೂರನ್ನು ಬಿಟ್ಟುಬಿಡಿ. ಅವು ಒಂದೋ ಊರಿಂದ ದೂರ, ಇಲ್ಲವೇ ಹಾಸಿಗೆ ಖಾಲಿ ಇರುವುದಕ್ಕೆ ಬೇರೆ ಕಾರಣ ಇರುತ್ತದೆ. ನಾಲ್ಕು, ಐದು, ಆರನೆಯದರ ಬೆಲೆ ಹಿಡಿಯಿರಿ. ದುಡ್ಡು ಕಟ್ಟುವ ಕಡೇ ಪುಟದವರೆಗೂ ಹೋಗಿ ನೋಡಿ, ತೆರಿಗೆ ಸೇರುವುದು ಅಲ್ಲಿ. ಯೂರೋಪಿನ ಎಷ್ಟೋ ನಗರಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಇದೆ, ಅದನ್ನು ಕೆಲವು ಸಲ ಅಲ್ಲಿಗೆ ಹೋದಮೇಲೆ ಬೇರೆಯಾಗಿ ಕೇಳುತ್ತಾರೆ. ಟವೆಲ್, ಲಾಕರ್ ಬೀಗಕ್ಕೂ ಕೇಳುವವರಿದ್ದಾರೆ. ಶುಕ್ರವಾರ, ಶನಿವಾರದ ರಾತ್ರಿಗಳನ್ನು ಬೇರೆಯಾಗಿ ನೋಡಿ. ಜರ್ಮನಿಯ ಆಲ್ಟೆನಾ ಕೋಟೆಯಲ್ಲಿ 1912ರಲ್ಲಿ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮೇಷ್ಟ್ರು ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆದಾಗ ನಡೆದುಕೊಂಡು ಬರುವ ಮಕ್ಕಳಿಗೆ ಅಗ್ಗದಲ್ಲಿ ಮಲಗಲು ಜಾಗ ಸಿಗಲಿ ಅನ್ನುವುದೇ ಉದ್ದೇಶ ಆಗಿತ್ತು. ಈಗ ಎಷ್ಟೋ ಹಾಸ್ಟೆಲ್‌ಗಳ ಬೆಲೆ ವಿಮಾನ ಟಿಕೆಟ್ಟಿನ ಬೆಲೆಯ ಹಾಗೆಯೇ ಏರಿಳಿಯುತ್ತದೆ. ಇಬ್ಬರು ಹೋಗುವವರಿಗೆ ಎರಡು ಹಾಸಿಗೆಗಿಂತ ಸಣ್ಣ ರೂಮೇ ಅಗ್ಗ ಬೀಳುವ ಊರುಗಳೂ ಇವೆ. ನೀವು ಒಬ್ಬರೇ, ಆ ಅನುಕೂಲ ನಿಮಗಿಲ್ಲ.

ರೈಲ್ ಪಾಸ್ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. ಯೂರೋಪಿನ ಹೊರಗಿನವರಿಗೆ ಯೂರೇಲ್ ಅನ್ನುವ ಪಾಸ್, ಅಲ್ಲೇ ವಾಸ ಇರುವವರಿಗೆ ಇಂಟರ್‌ರೇಲ್ ಪಾಸ್. ಇಂಟರ್‌ರೇಲ್ 1972ರಲ್ಲಿ ಶುರುವಾದಾಗ ಹುಡುಗ ಹುಡುಗಿಯರಿಗೆ ಮಾತ್ರ ಇತ್ತು, ಈಗ ಯಾವ ವಯಸ್ಸಿನವರಿಗೂ ಸಿಗುತ್ತದೆ. ಪಾಸ್ ಇದ್ದರೂ ಎಷ್ಟೋ ವೇಗದ ರೈಲುಗಳಿಗೆ, ರಾತ್ರಿ ರೈಲುಗಳಿಗೆ ಸೀಟು ಕಾಯ್ದಿರಿಸಲು ಮತ್ತೆ ದುಡ್ಡು ಕಟ್ಟಬೇಕು. ನನ್ನ ತಕರಾರು ಅದಲ್ಲ. ಪಾಸ್ ಜೇಬಲ್ಲಿದ್ದರೆ ಕಾಲು ನಿಲ್ಲುವುದಿಲ್ಲ. ದುಡ್ಡು ಕೊಟ್ಟಾಗಿದೆ, ಉಪಯೋಗಿಸೋಣ ಅಂತ ಬೇಡದ ಊರಿಗೂ ಹೋಗುತ್ತೇವೆ. ಆಗ ಟಿಕೆಟ್ ಬಿಟ್ಟು ಉಳಿದ ಖರ್ಚೆಲ್ಲ ಮತ್ತೆ ಹೆಗಲೇರುತ್ತದೆ. ನೀವು ಈಗಷ್ಟೇ 12ನ್ನು 7 ಮಾಡಿದ್ದೀರಿ. ಎಂಟು ಪ್ರಯಾಣದ ಬಿಡಿ ಟಿಕೆಟ್ ಬೆಲೆ ಕೂಡಿಸಿ, ಪಾಸ್ ಮತ್ತು ಸೀಟಿನ ದುಡ್ಡಿನ ಜೊತೆ ಹೋಲಿಸಿ. ಹೆಚ್ಚಿನ ಪಾಲು ಬಿಡಿ ಟಿಕೆಟ್ಟೇ ಗೆಲ್ಲುತ್ತದೆ. ಬೇಗ ತೆಗೆದರೆ ಇನ್ನೂ ಅಗ್ಗ.

ಹೊಸಜೋಳಿಗೆ

14, 26 ಸರಿ ಕಾಣುತ್ತಿದೆ. ವೀಸಾ 30 ದಿನಕ್ಕೆ ಇದೆ, ನೋಡಿದೆ. ಕೊನೆಯದಾಗಿ, ಆ ಉಳಿದ 6 ಮತ್ತು ಮುಟ್ಟಬಾರದ 100, ಇವನ್ನು ಎಲ್ಲಿ ಇಡಲಿ?

ಅಲೆಮಾರಿಗಣಿತ

100 ಬೇರೆ ಖಾತೆಯಲ್ಲಿ, ಬೇರೆ ಕಾರ್ಡಿನಲ್ಲಿ. ಆ ಕಾರ್ಡು ಪರ್ಸಿನಲ್ಲಿ ಬೇಡ, ಚೀಲದ ಒಳಗೆ. ಒಂದು ಕಾರ್ಡನ್ನು ಎಟಿಎಂ ನುಂಗಿದರೆ ಇನ್ನೊಂದು ಇರಬೇಕು. ಹೊರಡುವ ಮೊದಲು ಎರಡರಲ್ಲೂ ಹೊರದೇಶದ ಬಳಕೆ ಆನ್ ಮಾಡಿ. ಒಟಿಪಿ ಬರುವ ನಂಬರು ಅಲ್ಲಿ ನಡೆಯುತ್ತದೆಯಾ ಅಂತಲೂ ಕೇಳಿಕೊಳ್ಳಿ.

6 ಮೊದಲ ದಿನಕ್ಕೆ. ಬಂದಿಳಿದ ದಿನ ಯಾವ ಬೆಲೆಯೂ ಗೊತ್ತಿರುವುದಿಲ್ಲ. ವಿಮಾನ ಇಳಿಯುವುದು ರಾತ್ರಿ ಹತ್ತರ ಮೇಲಾದರೆ ಅದು ಪೂರ್ತಿ ಟ್ಯಾಕ್ಸಿಗೇ ಹೋಗುತ್ತದೆ, ಹೋಗಲಿ.